ರೋಬೋಟ್ ಬಗ್ಗೆ ಏನೂ ಗೊತ್ತಿಲ್ಲ, ಹೈಸ್ಕೂಲ್ ಮಕ್ಕಳ ರೋಬೋಟಿಕ್ಸ್ ಸ್ಪರ್ಧೆಗೆ ವಾಲಂಟಿಯರ್ ಆಗಬಹುದಾ?

ಧಾರಾಳವಾಗಿ ಆಗಬಹುದು. ಕೋಡಿಂಗ್ ಬರಲ್ಲ, ವೈರಿಂಗ್ ಗೊತ್ತಿಲ್ಲ ಅಂತ ಹಿಂಜರಿಯುತ್ತಿದ್ದೀರಿ, ಆದರೆ ಅಲ್ಲಿ ಎಷ್ಟೋ ಕೆಲಸಕ್ಕೆ ಅದು ಬೇಕಾಗೇ ಇಲ್ಲ.

ನಾನು ಹೋಗುವುದು ಫಸ್ಟ್ ಟೆಕ್ ಚಾಲೆಂಜ್ ಅನ್ನುವ ಸ್ಪರ್ಧೆಗೆ, ಮಕ್ಕಳ ತಂಡಗಳು ತಾವೇ ಕಟ್ಟಿದ ರೋಬೋಟ್ ತಂದು ಆಡುವಂಥದ್ದು. ಅದರ ಲೆಕ್ಕದಲ್ಲೇ ಹೇಳುತ್ತೇನೆ. ಒಂದು ಮ್ಯಾಚ್ ಅಂದರೆ ಎರಡೂವರೆ ನಿಮಿಷದ ಆಟ. ಮೊದಲ 30 ಸೆಕೆಂಡ್ ರೋಬೋಟ್ ತಾನಾಗೇ ಓಡಬೇಕು, ಮಕ್ಕಳು ಕಂಟ್ರೋಲರ್ ಮುಟ್ಟುವಂತಿಲ್ಲ. ಆಮೇಲೆ 2 ನಿಮಿಷ ಅವರೇ ಓಡಿಸುತ್ತಾರೆ. ಎರಡೆರಡು ತಂಡ ಒಂದೊಂದು ಕಡೆ, ಅಂದರೆ ಪ್ರತಿ ಮ್ಯಾಚಿಗೂ 4 ತಂಡ. ಈ ನಾಲ್ಕನ್ನೂ ಸರಿಯಾದ ಹೊತ್ತಿಗೆ ಪಿಟ್‌ನಿಂದ, ಅಂದರೆ ತಂಡಗಳು ಕೂತು ರೋಬೋಟ್ ರಿಪೇರಿ ಮಾಡುವ ಜಾಗದಿಂದ, ಎಬ್ಬಿಸಿ ಕರೆತಂದು ಸಾಲಾಗಿ ನಿಲ್ಲಿಸುವುದೇ ಕ್ಯೂಯಿಂಗ್. ಮೊದಲ ಸಲಕ್ಕೆ ಇದನ್ನೇ ಕೇಳಿ ತಗೊಳ್ಳಿ. ಕಾಲಲ್ಲಿ ಬಲ, ಗಂಟಲಲ್ಲಿ ದನಿ ಇದ್ದರೆ ಸಾಕು. "ಒಂದೇ ಒಂದು ಸ್ಕ್ರೂ ಸರ್, ಬಂದ್ವಿ" ಅಂದವರು ಬರುವ ಹೊತ್ತಿಗೆ ಉಳಿದ ಮೂರು ತಂಡ ನಿಮ್ಮ ಮುಖ ನೋಡುತ್ತಾ ನಿಂತಿರುತ್ತವೆ, ಅದನ್ನು ತಡೆದುಕೊಳ್ಳಬೇಕು ಅಷ್ಟೇ.

ಸ್ವಲ್ಪ ಅಳತೆ, ನಿಯಮ ಇಷ್ಟ ಇದ್ದರೆ ಮುಂದೆ ಇನ್‌ಸ್ಪೆಕ್ಷನ್ ನೋಡಿ, ಅಂದರೆ ರೋಬೋಟ್ ನಿಯಮದ ಪ್ರಕಾರ ಇದೆಯಾ ಅಂತ ಪರೀಕ್ಷಿಸುವ ಕೆಲಸ. ಆಟ ಶುರುವಾಗುವಾಗ ರೋಬೋಟ್ ಉದ್ದ, ಅಗಲ, ಎತ್ತರ ಮೂರರಲ್ಲೂ 18 ಇಂಚಿನ ಒಳಗೆ ಕೂರಬೇಕು. ತಿಂಗಳುಗಟ್ಟಲೆ ಕಟ್ಟಿದ ರೋಬೋಟ್, ಅಳತೆಯ ಬಾಕ್ಸಿಗೆ ಇಳಿಸಿದರೆ ಒಂದು ಕೇಬಲ್ ಟೈ ತುದಿ ಹೊರಗೆ ಇಣುಕುತ್ತಿರುತ್ತದೆ! ಕತ್ತರಿ ಸಿಗುವವರೆಗೆ ಆ ಮಕ್ಕಳ ಮುಖ ನೋಡಬೇಕು ನೀವು.

ಇನ್ನು ನಿಜವಾಗಿ ಕಷ್ಟದ ಕೆಲಸ ಒಂದಿದೆ, ಅದನ್ನು ಯಾರೂ ಫಾರ್ಮ್‌ನಲ್ಲಿ ಬರೆದಿರುವುದಿಲ್ಲ. ಕೈ ಕಟ್ಟಿಕೊಂಡು ನಿಲ್ಲುವುದು. ಮ್ಯಾಚ್ ಮಧ್ಯೆ ರೋಬೋಟ್ ಸುಮ್ನೆ ನಿಂತುಬಿಡುತ್ತದೆ. ಪಿಟ್‌ಗೆ ಬಂದ ತಕ್ಷಣ ಎಲ್ಲರೂ ಲ್ಯಾಪ್‌ಟಾಪ್ ಮೇಲೆ ಬೀಳುತ್ತಾರೆ, ಕೋಡ್ ಹಾಳಾಗಿದೆ ಅಂತ ಒಬ್ಬರನ್ನೊಬ್ಬರು ಬೈಯುತ್ತಾರೆ. ಬ್ಯಾಟರಿ ಕನೆಕ್ಟರ್ ಸಡಿಲ ಆಗಿರುವುದು ಪಕ್ಕದಲ್ಲಿ ನಿಂತ ನಿಮಗೆ ಕಾಣುತ್ತಾ ಇರುತ್ತದೆ. ಆದರೂ ಮುಟ್ಟಬೇಡಿ, ಉತ್ತರವನ್ನೂ ಹೇಳಬೇಡಿ. ತೀರಾ ತಡೆಯಲಾಗದಿದ್ದರೆ "ಹೋದ ಮ್ಯಾಚ್ ಆದಮೇಲೆ ಏನೇನು ಬಿಚ್ಚಿದ್ರಿ?" ಅಂತ ಕೇಳಿ. ಯಾರೋ ಒಬ್ಬಳು ಬ್ಯಾಟರಿ ಬದಲಿಸಿದ್ದು ನೆನಪಾಗಿ, ವೈರ್ ಹಿಡಿದು ಬೆರಳಾಡಿಸುತ್ತಾ ಹೋಗುತ್ತಾಳೆ, ಟಕ್ ಅಂತ ಒತ್ತುತ್ತಾಳೆ, ಲೈಟ್ ಬರುತ್ತದೆ. ಅದು ಅವಳೇ ಹುಡುಕಿದ್ದು, ಅಲ್ವಾ? ಇಂಜಿನಿಯರ್‌ಗಳಿಗೆ ಇದು ಜಾಸ್ತಿ ಕಷ್ಟ, ಕೈ ತುರಿಸುತ್ತಾ ಇರುತ್ತದೆ. ಆ ಲೆಕ್ಕದಲ್ಲಿ ಏನೂ ಗೊತ್ತಿಲ್ಲದ ನೀವೇ ವಾಸಿ.

ನಿಮ್ಮ ಮನೆಯ ಮಗುವಿನ ತಂಡವೇ ಅಲ್ಲಿ ಆಡುತ್ತಿದ್ದರೆ ಜಡ್ಜ್, ರೆಫರಿ ಕೆಲಸ ಒಪ್ಪಿಕೊಳ್ಳಬೇಡಿ, ಸುಮ್ನೆ ಮಾತು ಬರುತ್ತದೆ. ಬೆರಳು ಮುಚ್ಚುವ ಶೂ ಹಾಕಿಕೊಂಡು ಹೋಗಿ, ಚಪ್ಪಲಿ ಬೇಡ. ಪಿಟ್‌ನಲ್ಲೂ ಫೀಲ್ಡ್ ಹತ್ತಿರವೂ ಸೇಫ್ಟಿ ಗ್ಲಾಸ್ ಹಾಕಲೇಬೇಕು, ಓದುವ ಕನ್ನಡಕ ಇದ್ದವರು ಅದರ ಮೇಲೆ ಕೂರುವಂಥದ್ದನ್ನು ಬೆಳಿಗ್ಗೆಯೇ ಕೇಳಿ ತೆಗೆದಿಟ್ಟುಕೊಳ್ಳಿ.