ದೇವರಿಗೆ ಒಪ್ಪಿಸಿದಿರಿ ಸರಿ, ಭದ್ರಾವತಿಯ ಹುಡುಗಿಗೆ ಯಾವಾಗ?

ಪತ್ರ ಬರೆದವರು ಸಾಗರದ ಕಡೆಯವರು, ವಯಸ್ಸು 56. ಚರ್ಚಿನ ಮಹಿಳಾ ಸಂಘದ ಕುಸ್ವಾರ್ ಕೆಲಸ ಹನ್ನೆರಡು ವರ್ಷದಿಂದ ಇವರ ಕೈಯಲ್ಲಿದೆ. ಗೊತ್ತಿಲ್ಲದವರಿಗೆ ಒಂದು ಮಾತು: ಕರಾವಳಿಯಿಂದ ಘಟ್ಟ ಹತ್ತಿ ಬಂದ ಕೊಂಕಣಿ ಕ್ರೈಸ್ತರು ಕ್ರಿಸ್‌ಮಸ್ ತಿಂಡಿಗಳಿಗೆಲ್ಲ ಒಟ್ಟಾಗಿ ಕುಸ್ವಾರ್ ಎನ್ನುತ್ತಾರೆ. ಬಾಚಣಿಗೆ ಮೇಲೆ ಹಿಟ್ಟು ಒತ್ತಿ ಸುರುಳಿ ಮಾಡಿ ಕರಿಯುವ ಕಿಡಿಯೊ, ಕರ್ಜಿಕಾಯಿಯಂಥ ನೆವ್ರಿ, ಹೂವಿನ ಅಚ್ಚನ್ನು ಹಿಟ್ಟಿಗೆ ಅದ್ದಿ ಕರಿಯುವ ರೋಸ್ ಕುಕ್ಕಿ, ಚಕ್ಕುಲಿ ಎಲ್ಲ ಅದರಲ್ಲಿ ಬಂತು. ಇವರು ಪ್ರತಿ ವರ್ಷ 120 ಪೊಟ್ಟಣ ಕಟ್ಟುತ್ತಾರೆ. ಹಾಸಿಗೆ ಹಿಡಿದವರ ಮನೆಗೆ, ಒಂಟಿ ಮುದುಕಿಯರಿಗೆ ಒಂದಷ್ಟು ಹೋಗುತ್ತದೆ, ಉಳಿದದ್ದನ್ನು ಮಾರಿ ಬಡಮಕ್ಕಳ ಶಾಲೆ ಫೀಸು ಕಟ್ಟುತ್ತಾರೆ. ಒಂಬತ್ತು ಜನ ಇದ್ದ ತಂಡ ಈಗ ನಾಲ್ಕಕ್ಕೆ ಇಳಿದಿದೆ. ಈ ಸಲ ಫಾದರ್ ಇವರ ಜೊತೆಗೆ ಇನ್ನೊಬ್ಬಳನ್ನು ಸೇರಿಸಿದ್ದಾರೆ. ಭದ್ರಾವತಿಯಿಂದ ಮದುವೆಯಾಗಿ ಬಂದ, ತಮಿಳು ಮನೆಮಾತಿನ ಹುಡುಗಿ. "ನಾನು ಬಿಟ್ಟುಬಿಡಲೇ?" ಎಂದು ಪ್ರಶ್ನೆ.

"ಎಲ್ಲ ದೇವರಿಗೆ ಒಪ್ಪಿಸಿದ್ದೇನೆ, ಆದರೂ ಮನಸ್ಸು ಕೇಳುವುದಿಲ್ಲ" ಎಂದು ಪತ್ರದಲ್ಲಿ ಮೂರು ಕಡೆ ಬರೆದಿದ್ದೀರಿ. ಒಂದೇ ಒಂದು ಕಡೆ, ಅದೂ ಆವರಣದೊಳಗೆ, ಹೀಗೆ ಬರೆದಿದ್ದೀರಿ: "(ಹೋದ ವರ್ಷ ತಂಡದ ಉಳಿದವರು ಉರುಟಿಟ್ಟ ಕಿಡಿಯೊ ದಪ್ಪಗಿದ್ದವು. ರಾತ್ರಿ ಮನೆಗೆ ಒಯ್ದು ಮತ್ತೆ ಉರುಟಿ ಬೆಳಿಗ್ಗೆ ತಂದಿಟ್ಟೆ, ಯಾರಿಗೂ ಗೊತ್ತಾಗಲಿಲ್ಲ.)"

ಎಲ್ಲರಿಗೂ ಗೊತ್ತಾಗಿದೆ ಅಮ್ಮ. ತಾನು ಬಾಚಣಿಗೆ ಮೇಲೆ ಒತ್ತಿ ಸುರುಳಿ ಮಾಡಿದ್ದು ಯಾವುದು, ಬೇರೆಯವರದು ಯಾವುದು ಎಂದು ಕಿಡಿಯೊ ಮಾಡಿದ ಯಾವ ಹೆಂಗಸಿಗೂ ತಿಳಿಯುತ್ತದೆ. ಮಾರನೇ ದಿನ ಬಟ್ಟೆ ಸರಿಸಿದಾಗ ತಮ್ಮ ಕೈಗೆಲಸ ಒಂದೂ ಕಾಣದೆ ಹೋದವರು ನಿಮಗೆ ಏನೂ ಹೇಳಲಿಲ್ಲ. ಮುಂದಿನ ವರ್ಷ ಮೊಮ್ಮಗುವಿಗೆ ಜ್ವರ ಎಂದರು, ಅಡಿಕೆ ಕೊಯ್ಲು ಎಂದರು. ಒಂಬತ್ತು ನಾಲ್ಕಾದದ್ದು ಹೀಗೆ. ಈ ಅಂಕಣ ಓದುವವರಿಗೆ ನನ್ನ ಹಳೇ ಹಠ ಗೊತ್ತಿದೆ: ಇನ್ನೊಬ್ಬರ ಕೆಲಸವನ್ನು ಅವರ ಬೆನ್ನ ಹಿಂದೆ ತಿದ್ದುವುದು ಬೈಯುವುದಕ್ಕಿಂತ ಕೆಟ್ಟದ್ದು. ಬೈದರೆ ತಿರುಗಿ ಬೈಯಲಾದರೂ ಆಗುತ್ತದೆ.

ಇಷ್ಟಕ್ಕೂ ಆ ರಾತ್ರಿಯ ದುಡಿಮೆಯಿಂದ ಕಿಡಿಯೊ ಸುಧಾರಿಸಿರಲಾರದು. ಸಂಜೆಯ ಹಿಟ್ಟಿಗೆ ರಾತ್ರಿ ಹೊತ್ತಿಗೆ ಮೇಲೊಂದು ಒಣ ಪದರ ಕಟ್ಟಿರುತ್ತದೆ. ಅದನ್ನೇ ಮತ್ತೆ ಮುದ್ದೆ ಮಾಡಿ ಉರುಟಿದರೆ ಒಣ ಚೂರು ಒಳಗೆ ಸೇರಿ, ಎಣ್ಣೆಗೆ ಬಿದ್ದಾಗ ಸುರುಳಿ ಬಿರಿಯುತ್ತದೆ, ತಿನ್ನುವಾಗ ಗಟ್ಟಿ. ದಪ್ಪ ಕಿಡಿಯೊ ಬಗ್ಗೆ ನಿಮ್ಮ ತಕರಾರು ಮಾತ್ರ ನೂರಕ್ಕೆ ನೂರು ಸರಿ. ಹೊರಗೆ ಕೆಂಪಾಗಿ ಒಳಗೆ ಹಸಿ ಉಳಿಯುತ್ತದೆ, ಮೂರ್ನಾಲ್ಕು ದಿನದಲ್ಲಿ ಮೆತ್ತಗಾಗುತ್ತದೆ. ಆದರೆ ಅದಕ್ಕೆ ಮದ್ದು ಸಂಜೆ ನಾಲ್ಕಕ್ಕೇ ಇತ್ತು. ಹಿಟ್ಟನ್ನು ಒದ್ದೆ ಬಟ್ಟೆಯಡಿ ಅರ್ಧ ಗಂಟೆ ಇಟ್ಟು, ದೊಡ್ಡ ಬಟಾಣಿ ಗಾತ್ರದ ಹತ್ತು ಉಂಡೆ ಮಾಡಿ ತಟ್ಟೆಯಲ್ಲಿಟ್ಟು "ಇದೇ ಅಳತೆ" ಎಂದು ಹೇಳಿ ಎದ್ದು ಹೋಗಬೇಕಿತ್ತು. ಅಳತೆ ತೋರಿಸದೆ ಕೆಲಸ ಕೊಟ್ಟು, ತಪ್ಪಾದ ಮೇಲೆ ಗುಟ್ಟಾಗಿ ತಿದ್ದಿದಿರಿ.

ಪತ್ರದಲ್ಲಿರುವ ದೂರುಗಳನ್ನು ಎಣಿಸಿದೆ, ಹನ್ನೊಂದು. ನಿಜವಾಗಿ ತಿಂಡಿ ಕೆಡಿಸುವಂಥವು ಮೂರು: ದಪ್ಪ ಕಿಡಿಯೊ, ಅಂಚು ಸರಿಯಾಗಿ ಒತ್ತದ ನೆವ್ರಿ, ಬಿಸಿಯಿದ್ದಾಗಲೇ ಡಬ್ಬಿಗೆ ತುಂಬುವುದು. ನೆವ್ರಿ ಬಾಯಿ ಬಿಟ್ಟರೆ ಹೂರಣದ ಸಕ್ಕರೆ ಎಣ್ಣೆಗಿಳಿದು ಕರಕಾಗಿ, ಆಮೇಲೆ ಹಾಕುವುದೆಲ್ಲ ಕಪ್ಪಾಗುತ್ತದೆ. ಬಿಸಿ ತಿಂಡಿ ಡಬ್ಬಿಯೊಳಗೆ ಬೆವರುತ್ತದೆ. ಇವನ್ನು ಬಾಯಿಬಿಟ್ಟು ಹೇಳಿ, ಎಲ್ಲರ ಎದುರಿಗೆ, ಕೆಲಸ ಶುರುವಾಗುವ ಮುಂಚೆ. ಉಳಿದ ಎಂಟು ದೂರಿನ ಸಾರ "ನಮ್ಮಮ್ಮ ಮಾಡುತ್ತಿದ್ದ ಹಾಗಿಲ್ಲ" ಎಂಬುದಷ್ಟೇ. ಅದರಲ್ಲಿ ದೊಡ್ಡದು, ಆ ಹುಡುಗಿ ರೋಸ್ ಕುಕ್ಕಿಗೆ ಅಕ್ಕಿಹಿಟ್ಟು ಬೆರೆಸುತ್ತಾಳೆ, ಅದನ್ನು ಅಚ್ಚು ಮುರುಕ್ಕು ಎನ್ನುತ್ತಾಳೆ ಎಂಬುದು. ಅನ್ನಲಿ ಬಿಡಿ. ಭದ್ರಾವತಿಯಲ್ಲಿ 1923ರಲ್ಲಿ ಕಬ್ಬಿಣದ ಕಾರ್ಖಾನೆ ಶುರುವಾದ ಮೇಲೆ ಎಲ್ಲೆಲ್ಲಿಂದಲೋ ಜನ ಬಂದರು, ತಮ್ಮ ತಮ್ಮ ಅಚ್ಚು, ಬಾಣಲೆ ಹೊತ್ತುಕೊಂಡೇ ಬಂದರು. ಅಕ್ಕಿಹಿಟ್ಟು ಸೇರಿದ ಹೂ ಹೆಚ್ಚು ಗರಿಗರಿ, ನಮ್ಮ ಮಲೆನಾಡಿನ ಮಂಜಿಗೆ ಬೇಗ ಬಗ್ಗುವುದೂ ಇಲ್ಲ.

ರೋಸ್ ಕುಕ್ಕಿ ಅಚ್ಚಿನಿಂದ ಬಿಡದೆ ಅರ್ಧ ಹಿಟ್ಟು ಹಾಳಾಯಿತು ಎಂದೂ ಬರೆದಿದ್ದೀರಿ, ಅಕ್ಕಿಹಿಟ್ಟಿನ ಮೇಲೆ ತಪ್ಪು ಹೊರಿಸಿದ್ದೀರಿ. ಅಲ್ಲ. ಅಚ್ಚು ಎಣ್ಣೆಯಲ್ಲೇ ಚೆನ್ನಾಗಿ ಕಾದಿರಬೇಕು, ತಣ್ಣಗಿದ್ದರೆ ಹಿಟ್ಟು ಹಿಡಿಯುವುದೇ ಇಲ್ಲ. ಹಿಟ್ಟಿನಲ್ಲಿ ಮುಕ್ಕಾಲು ಭಾಗ ಮಾತ್ರ ಅದ್ದಬೇಕು. ಪೂರ್ತಿ ಮುಳುಗಿಸಿದರೆ ಹಿಟ್ಟು ಮೇಲಿನ ಅಂಚನ್ನು ತಬ್ಬಿಕೊಳ್ಳುತ್ತದೆ, ಆಮೇಲೆ ಎಷ್ಟು ಕೊಡವಿದರೂ ಹೂ ಬಿಡದು. ಸಕ್ಕರೆ ಜಾಸ್ತಿಯಾದರೂ ಅಂಟುತ್ತದೆ. ಅರ್ಧ ಕೆಜಿ ಹಿಟ್ಟಿಗೆ 150 ಗ್ರಾಂ ಸಾಕು. ಹೊಸ ಅಚ್ಚಾದರೆ ಹಿಂದಿನ ರಾತ್ರಿಯೇ ಎಣ್ಣೆಯಲ್ಲಿ ನೆನೆಹಾಕಿಡಿ.

ಇನ್ನು ಫಾದರ್. ಪ್ರತಿ ಕ್ರಿಸ್‌ಮಸ್ ಬಲಿಪೂಜೆಯ ಕೊನೆಗೆ ಪೀಠದ ಬಳಿ ನಿಂತು "ಇವರೊಬ್ಬರಿಲ್ಲದಿದ್ದರೆ ನಮಗೆ ಕುಸ್ವಾರ್ ಇಲ್ಲ" ಎಂದು ಹೊಗಳುತ್ತಾರಂತೆ. ಹನ್ನೆರಡು ವರ್ಷ ಒಬ್ಬರ ಹೆಸರು ಹೇಳಿ, ಹದಿಮೂರನೆಯ ವರ್ಷ ಮುನ್ಸೂಚನೆಯೂ ಇಲ್ಲದೆ ಜೊತೆಗಾರ್ತಿಯನ್ನು ತಂದು ನಿಲ್ಲಿಸಿದರೆ ಯಾರಿಗೂ ಹೊಟ್ಟೆ ಉರಿಯುತ್ತದೆ. ಈ ಗೋಜಲಿನಲ್ಲಿ ಅರ್ಧ ಪಾಲು ಅವರದೇ. ಈ ಸಲ ಪೀಠದಿಂದ ತಂಡದವರೆಲ್ಲರ ಹೆಸರು ಓದಬೇಕು, ಓದಿ ಎಂದು ನೀವೇ ಚೀಟಿ ಬರೆದುಕೊಡಿ.

ಯೇಸು ಮನೆಗೆ ಬಂದಾಗ ತಂಗಿ ಅವರ ಮಾತು ಕೇಳುತ್ತ ಕೂತರೆ ಉಪಚಾರದ ಕೆಲಸದಲ್ಲೇ ಮುಳುಗಿದ್ದ ಮಾರ್ತಾಳ ಪ್ರಸಂಗ ತೆಗೆದು ನಿಮ್ಮನ್ನು ಚುಚ್ಚುವುದಿಲ್ಲ. ಅಡುಗೆಮನೆಯಲ್ಲಿ ದುಡಿಯುವವರು ಅದನ್ನು ಕೇಳಿ ಕೇಳಿ ಬೇಸತ್ತಿದ್ದಾರೆ. ಆದರೆ ಲೂಕರ ಶುಭಸಂದೇಶದಲ್ಲಿ ಅವಳ ದೂರು ಏನೆಂದು ನೋಡಿ: ಕೆಲಸ ಹೆಚ್ಚಾಯಿತು ಎಂದಲ್ಲ, ತಂಗಿ ನನ್ನೊಬ್ಬಳನ್ನೇ ಬಿಟ್ಟಳು ಎಂದು. ಯೊವಾನ್ನರ ಶುಭಸಂದೇಶದ 12ನೇ ಅಧ್ಯಾಯದಲ್ಲಿ, ಬೆಥಾನಿಯದ ಊಟದಲ್ಲಿ, ಅವಳು ಮತ್ತೆ ಬಡಿಸುತ್ತಿದ್ದಾಳೆ. ಕೆಲಸ ಬಿಟ್ಟಿಲ್ಲ. ಅದೇ ತಂಗಿ ದುಬಾರಿ ಜಟಾಮಾಂಸಿ ತೈಲವನ್ನೆಲ್ಲ ಯೇಸುವಿನ ಪಾದಕ್ಕೆ ಹಚ್ಚುತ್ತಾಳೆ. ಈ ಸಲ ಮಾರ್ತಾಳ ಬಾಯಿಂದ ಒಂದು ಮಾತಿಲ್ಲ. ತೈಲ ಮಾರಿದ್ದರೆ 300 ದಿನಾರಿ ನಾಣ್ಯ ಸಿಗುತ್ತಿತ್ತು ಎಂದು ಲೆಕ್ಕ ತೆಗೆದವನು ಶಿಷ್ಯ ಯೂದ.

ನೀವೂ ಬಡಿಸುವುದನ್ನು ಬಿಡಬೇಡಿ, ರಾಜೀನಾಮೆ ಬೇಡವೇ ಬೇಡ. ಹಾಗೆ ಬಿಟ್ಟು ಹೋಗುವುದೂ ಹಿಡಿತವೇ: ನಾನಿಲ್ಲದೆ ಹೇಗೆ ಮಾಡುತ್ತಾರೋ ನೋಡೋಣ ಎಂಬ ಹಿಡಿತ. ದೇವರಿಗೆ ಒಪ್ಪಿಸುವುದು ಸುಲಭ, ದೇವರು ಬಂದು ಚಕ್ಕುಲಿ ಸೊಟ್ಟಗೆ ಒತ್ತುವುದಿಲ್ಲ. ಒತ್ತುವವಳು ಆ ಹುಡುಗಿ. ಅವಳ ಕೈಗೆ ಒಪ್ಪಿಸದೆ ದೇವರಿಗೆ ಒಪ್ಪಿಸಿದೆ ಎಂದರೆ ಪ್ರಾರ್ಥನೆ ಅರ್ಧಕ್ಕೇ ನಿಂತಿದೆ.

ಮಾಡಬೇಕಾದ್ದು ಒಂದೇ. ಈ ವರ್ಷ ಚರ್ಚಿನ ಸಭಾಂಗಣದಿಂದ ಒಂದು ತಟ್ಟೆಯೂ, ಒಂದು ಡಬ್ಬಿಯೂ ನಿಮ್ಮ ಮನೆಗೆ ಬರಕೂಡದು. ಸಂಜೆ ಏಳಕ್ಕೆ ಕೀಲಿಕೈಯನ್ನು ಅವಳ ಕೈಗೆ ಕೊಟ್ಟು ಮನೆಗೆ ಹೋಗಿ. ನಿದ್ದೆ ಬರದಿದ್ದರೆ ಜಪಮಾಲೆ ಹಿಡಿಯಿರಿ, ಲಟ್ಟಣಿಗೆ ಬೇಡ.

ಅಳತೆ ತೋರಿಸಿದ ಮೇಲೂ ಒಂದಷ್ಟು ಕಿಡಿಯೊ ದಪ್ಪಗೇ ಬರುತ್ತವೆ. ಅವನ್ನು ಸಣ್ಣ ಉರಿಯಲ್ಲಿ ಬೇರೆಯಾಗಿ ಕರಿದು, ಪೊಟ್ಟಣಕ್ಕೆ ಸೇರಿಸದೆ ಬೇರೆ ಡಬ್ಬಿಯಲ್ಲಿಡಿ. ಮೂರು ದಿನದೊಳಗೆ ಖಾಲಿಯಾಗಬೇಕು. ಕ್ಯಾರೊಲ್ ಹಾಡುವ ಹುಡುಗರು ರಾತ್ರಿ ಚಳಿಯಲ್ಲಿ ಮನೆಮನೆ ಸುತ್ತಿ ಬರುತ್ತಾರಲ್ಲ, ಅವರ ಮುಂದಿಡಿ. ಅವರು ಗಾತ್ರ ನೋಡುವುದಿಲ್ಲ.