ಹಳೇ ಮನೆಗೆ ಮ್ಯಾಟ್ ಬಣ್ಣವೋ, ಹೊಳಪಿನದೋ?

ಹಳೇ ಮನೆಗೆ ಹೊಸ ಬಣ್ಣ ಬಳಿಸುವಾಗ ಯಾವ ಫಿನಿಶ್ ಒಳ್ಳೆಯದು ಎಂದು ಕೇಳಿದ್ದೀರಿ. ಮೊದಲು ಗೋಡೆ ನೋಡಿ. ರಾತ್ರಿ ಟಾರ್ಚನ್ನು ಗೋಡೆಗೆ ತಾಗಿಸಿ ಓರೆಯಾಗಿ ಬೆಳಕು ಬಿಟ್ಟರೆ ಹಗಲು ಕಾಣದ ಉಬ್ಬುತಗ್ಗು, ಹಳೇ ತೇಪೆಗಳೆಲ್ಲ ಎದ್ದು ಕಾಣುತ್ತವೆ. ಹೊಳಪಿನ ಬಣ್ಣ ಅವನ್ನೇ ದಿನವೂ ತೋರಿಸುತ್ತದೆ, ಮ್ಯಾಟ್ ಮರೆಮಾಡುತ್ತದೆ. ಬಾಗಿಲು, ಕಿಟಕಿ, ಅಡುಗೆಮನೆಗೆ ಒರೆಸಲು ಬರುವ, ಅರೆಹೊಳಪಿನ ಸ್ಯಾಟಿನ್ ಇರಲಿ.

ಸುಣ್ಣದ ಗಾರೆಯ ಗೋಡೆಯಾದರೆ ಇನ್ನೂ ಎಚ್ಚರ ಬೇಕು. ಅದು ತೇವ ಹೀರುತ್ತಾ ಬಿಡುತ್ತಾ ಇರುತ್ತದೆ. ಮೇಲೆ ಪ್ಲಾಸ್ಟಿಕ್ ಎಮಲ್ಷನ್ ಬಳಿದರೆ ತೇವ ಒಳಗೇ ಸಿಕ್ಕಿಕೊಂಡು ಬಣ್ಣ ಗುಳ್ಳೆಯೆದ್ದು ಚಕ್ಕೆಚಕ್ಕೆಯಾಗಿ ಉದುರುತ್ತದೆ. ಅಲ್ಲಿಗೆ ತೇವವನ್ನು ಹೊರಬಿಡುವ ಸುಣ್ಣ ಅಥವಾ ಸಿಲಿಕೇಟ್ (ಖನಿಜ) ಬಣ್ಣವೇ ಸರಿ.

ಹಳೇ ಪೇಂಟಿನಲ್ಲಿ ಸೀಸ ಇರಬಹುದು. ಪರೀಕ್ಷೆ ಮಾಡಿಸದೆ ಉಪ್ಪುಕಾಗದ ಹಾಕಿ ಉಜ್ಜಲೇಬೇಡಿ, ಆ ಧೂಳು ಮಕ್ಕಳಿಗೆ ವಿಷ.