ಸೋತವರಿಗೆ ಮೊದಲ ಆಯ್ಕೆ ಯಾಕೆ?

ಪತ್ರ: ಮಗಳ ಮನೆಗೆಂದು ಡಲ್ಲಾಸ್‌ಗೆ ಹೋದಾಗ ಅಮೆರಿಕನ್ ಫುಟ್‌ಬಾಲ್ ನೋಡಿದೆ. ಎನ್‌ಎಫ್‌ಎಲ್ ಲೀಗಿನಲ್ಲಿ ಕೊನೆಗೆ ಬಂದ ತಂಡಕ್ಕೇ ಹೊಸ ಆಟಗಾರರಲ್ಲಿ ಮೊದಲ ಆಯ್ಕೆಯಂತೆ. ಟಿವಿ ಹಣವೂ ಎಲ್ಲರಿಗೂ ಸಮವಂತೆ. ಹೀಗಾದರೆ ಬೇಕಂತಲೇ ಸೋಲುವುದಿಲ್ಲವೇ? ಗೆದ್ದವರಿಗೆ ಇದು ಅನ್ಯಾಯ ಅಲ್ವಾ?
– ಓದುಗರೊಬ್ಬರು, ಹಾಸನ

ಉತ್ತರ: ಬೇಕಂತಲೇ ಸೋಲುವ ಆಸೆ ಹುಟ್ಟಬಹುದು, ಒಪ್ಪಿದೆ. ಆದರೆ ನೀವು ಡಲ್ಲಾಸ್ ನೋಡಿದಿರಿ, ಗ್ರೀನ್ ಬೇ ನೋಡಲಿಲ್ಲ.

ವಿಸ್ಕಾನ್ಸಿನ್ ರಾಜ್ಯದ ಈ ಊರಲ್ಲಿ ಇರುವುದೇ ಒಂದು ಲಕ್ಷಕ್ಕೆ ಸ್ವಲ್ಪ ಜಾಸ್ತಿ ಜನ. 1919ರಲ್ಲಿ ಮಾಂಸವನ್ನು ಡಬ್ಬಿಗೆ ತುಂಬುವ ಕಂಪನಿಯೊಂದು ಇಲ್ಲಿನ ಹುಡುಗರ ಜೆರ್ಸಿಗೆ ದುಡ್ಡು ಕೊಟ್ಟಿತು. ತಂಡಕ್ಕೆ ಪ್ಯಾಕರ್ಸ್ ಎಂಬ ಹೆಸರು ಬಂದದ್ದು ಹಾಗೆ. 1923ರಲ್ಲಿ ತಂಡ ಉಳಿಸಲು ಊರಿನವರೇ ಷೇರು ಕೊಂಡರು. ಇವತ್ತು ಷೇರುದಾರರು ಐದು ಲಕ್ಷಕ್ಕೂ ಜಾಸ್ತಿ. ಲಾಭಾಂಶ ಇಲ್ಲ, ಬೇರೆಯವರಿಗೆ ಮಾರುವಂತಿಲ್ಲ. ಆದರೂ ಜನ ಖುಷಿಯಿಂದ ಕೊಳ್ಳುತ್ತಾರೆ. ತಂಡ ತಮ್ಮದು ಎಂಬ ಅಭಿಮಾನ ಅದು.

ಇಂಥ ಊರು ನ್ಯೂಯಾರ್ಕ್ ಎದುರು ನಿಲ್ಲುವುದು ಹೇಗೆ? ಹಂಚಿಕೊಂಡಾಗ ಮಾತ್ರ. ನೀವು ಹೇಳಿದ, ಹೊಸ ಆಟಗಾರರನ್ನು ಸರದಿಯಂತೆ ಆರಿಸುವ ಪದ್ಧತಿಗೆ ಡ್ರಾಫ್ಟ್ ಎನ್ನುತ್ತಾರೆ. 1936ರಲ್ಲಿ ಮೊದಲ ಡ್ರಾಫ್ಟ್ ನಡೆಯಿತು. ಅದನ್ನು ಸೂಚಿಸಿದ್ದು ಫಿಲಡೆಲ್ಫಿಯಾ ತಂಡದ ಬರ್ಟ್ ಬೆಲ್. ಒಳ್ಳೆಯ ಆಟಗಾರರೆಲ್ಲ ದೊಡ್ಡ ತಂಡಗಳ ಪಾಲಾಗುವುದನ್ನು ನೋಡಿ ಬೇಸತ್ತಿದ್ದರು ಅವರು. 1961ರಲ್ಲಿ ಲೀಗಿನ ಮುಖ್ಯಸ್ಥ (ಕಮಿಷನರ್) ಪೀಟ್ ರೋಜೆಲ್ ಟಿವಿ ಹಕ್ಕನ್ನು ಒಟ್ಟಿಗೆ ಮಾರಿ ಸಮನಾಗಿ ಹಂಚೋಣ ಎಂದರು. ನ್ಯೂಯಾರ್ಕ್ ಜೈಂಟ್ಸ್‌ನ ಮಾರಾ ಕುಟುಂಬ ಒಪ್ಪಿತು! ಒಂಟಿಯಾಗಿ ಮಾರಿದ್ದರೆ ಅವರಿಗೆ ಎಷ್ಟು ಸಿಗುತ್ತಿತ್ತು, ಯೋಚಿಸಿ. ಆ ಔದಾರ್ಯವನ್ನು ನಾನು ಬಹಳ ಗೌರವಿಸುತ್ತೇನೆ. 1994ರಿಂದ ಒಂದು ತಂಡ ಆಟಗಾರರಿಗೆ ಕೊಡುವ ಒಟ್ಟು ಸಂಬಳಕ್ಕೂ ಮಿತಿ ಬಂತು. ದುಡ್ಡಿದ್ದವರು ಎಲ್ಲರನ್ನೂ ಕೊಂಡುಬಿಡುವ ದಾರಿ ಮುಚ್ಚಿತು.

ಗೆದ್ದವರಿಗೆ ಅನ್ಯಾಯ ಅಂದಿರಲ್ಲ, ಸೂಪರ್ ಬೌಲ್ ಎಂಬ ವರ್ಷದ ಅಂತಿಮ ಪಂದ್ಯವನ್ನು ಮೊದಲ ಎರಡು ಸಲ ಗೆದ್ದದ್ದು ಇದೇ ಗ್ರೀನ್ ಬೇ. ಹಂಚಿಕೊಂಡರೆ ಆಟ ಸಪ್ಪೆಯಾಗುತ್ತದೆ ಅನ್ನುವುದು ಸುಮ್ನೆ ಮಾತು.

ನನ್ನ ಸಿಟ್ಟು ಬೇರೆ ಕಡೆ ಇದೆ. ಗ್ರೀನ್ ಬೇ ದಾರಿಯನ್ನು ಇನ್ನೊಂದು ಊರು ಹಿಡಿಯುವಂತಿಲ್ಲ. ದೊಡ್ಡ ಪಾಲಿನ ಒಬ್ಬ ಮಾಲೀಕ ಇರಲೇಬೇಕು ಎನ್ನುತ್ತದೆ ಲೀಗಿನ ನಿಯಮ. 1984ರಲ್ಲಿ ಬಾಲ್ಟಿಮೋರ್ ತಂಡದ ಮಾಲೀಕ ರಾತ್ರೋರಾತ್ರಿ ಲಾರಿಗಳಿಗೆ ಸಾಮಾನು ತುಂಬಿಸಿ ತಂಡವನ್ನೇ ಇಂಡಿಯಾನಾಪೊಲಿಸ್‌ಗೆ ಸಾಗಿಸಿದ. ವರ್ಷಗಟ್ಟಲೆ ಚಪ್ಪಾಳೆ ತಟ್ಟಿದ ಊರನ್ನು ಒಂದು ಮಾತೂ ಕೇಳಲಿಲ್ಲ. 2020ರಲ್ಲಿ ಓಕ್ಲೆಂಡ್ ತಂಡ ಲಾಸ್ ವೇಗಸ್‌ಗೆ ಹೋಯಿತು. ಅಲ್ಲಿನ ಕ್ರೀಡಾಂಗಣಕ್ಕೆ ಹೋಟೆಲ್ ತೆರಿಗೆಯಿಂದ 75 ಕೋಟಿ ಡಾಲರ್ ಕೊಟ್ಟಿದ್ದಾರೆ. ಗ್ರೀನ್ ಬೇ ಜನರೂ ಕ್ರೀಡಾಂಗಣಕ್ಕೆ ತೆರಿಗೆ ಕಟ್ಟಿದವರೇ. ಆದರೆ ತಂಡ ಊರು ಬಿಡುವ ಭಯ ಅವರಿಗಿಲ್ಲ. ಅವರ ತಂಡ ವರ್ಷವರ್ಷವೂ ಲೆಕ್ಕವನ್ನು ಜನರ ಮುಂದಿಡುತ್ತದೆ. ಉಳಿದ 31 ತಂಡಗಳ ಮಾಲೀಕರೂ ಹಾಗೇ ಲೆಕ್ಕ ಒಪ್ಪಿಸಲಿ. ನೀವು ಕೇಳಬೇಕಿದ್ದದ್ದು ಇದನ್ನು.